ಕೋಡ್ ತಪಾಸಣೆಯ ಟೂಲ್ 386 ಕಡೆ ಬೆರಳು ತೋರಿಸಿದೆ, ಎಲ್ಲಿಂದ ಹಿಡಿಯಲಿ?

ನವನಗರದವ, ಬಾಗಲಕೋಟೆ

ಎಲ್ಲರಿಗೂ ನಮಸ್ಕಾರ. ನವನಗರದಲ್ಲಿ ನಾವು ಮೂವರು ಸೇರಿ ಸಣ್ಣದೊಂದು ಸಾಫ್ಟ್‌ವೇರ್ ಆಫೀಸ್ ನಡೆಸುತ್ತೇವೆ. ಮುಖ್ಯ ಕೆಲಸ ಕಬ್ಬಿನ ಬಿಲ್ಲಿನದು. ಕಾರ್ಖಾನೆಗೆ ಕಬ್ಬು ಕಳಿಸಿದ ರೈತರು ಮೊಬೈಲ್‌ನಲ್ಲಿ ಲಾಗಿನ್ ಆಗಿ ಯಾವ ಗಾಡಿ ಎಷ್ಟು ಟನ್ ತೂಗಿತು, ಕಟಾವಿಗೆ ಎಷ್ಟು ಹಿಡಿದರು, ಸೊಸೈಟಿ ಸಾಲಕ್ಕೆ ಎಷ್ಟು ಹೋಯಿತು, ಕೊನೆಗೆ ಖಾತೆಗೆ ಎಷ್ಟು ಬಿತ್ತು ಅಂತ ನೋಡಬಹುದು. ಪಿಎಚ್‌ಪಿ ಭಾಷೆಯ ಕೋಡ್, ಎಂಟು ವರ್ಷದ್ದು. ಒಬ್ಬರು ಬರೆದು ಬಿಟ್ಟುಹೋದದ್ದನ್ನು ಇನ್ನೊಬ್ಬರು ಮುಂದುವರಿಸಿ ಹೀಗೇ ಬೆಳೆದಿದೆ.

ಈ ಸಲ ಹಂಗಾಮು ಶುರುವಾಗುವ ಮುಂಚೆ ಕಾರ್ಖಾನೆಯವರು ಸೆಕ್ಯುರಿಟಿ ರಿಪೋರ್ಟ್ ಬೇಕು ಅಂದರು. ನಾವು ಇದುವರೆಗೆ ಅಂಥದ್ದೇನೂ ಮಾಡಿರಲಿಲ್ಲ. ಕೋಡ್ ಓದಿ ತಪ್ಪು ಹುಡುಕುವ ಸೆಮ್‌ಗ್ರೆಪ್ ಅನ್ನುವ ಟೂಲ್ ಫ್ರೀ ಸಿಗುತ್ತದೆ ಅಂತ ಇಳಿಸಿಕೊಂಡು, ಪಿಎಚ್‌ಪಿ ರೂಲ್‌ಗಳನ್ನು ಹಾಕಿ ಓಡಿಸಿದೆ. ಎರಡು ನಿಮಿಷದೊಳಗೆ 386 ಕಡೆ ತಪ್ಪು ತೋರಿಸಿತು. ನೋಡಿ ಕೈಕಾಲು ತಣ್ಣಗಾಯಿತು.

ನನ್ನ ಪಾಲುದಾರ ಹೇಳುತ್ತಾನೆ, ಜಾಸ್ತಿ ಗಲಾಟೆ ಮಾಡುವ ರೂಲ್‌ಗಳನ್ನು ಆಫ್ ಮಾಡಿಬಿಡು, ಸೊನ್ನೆ ಬಂದ ಮೇಲೆ ರಿಪೋರ್ಟ್ ಕಳಿಸೋಣ ಅಂತ. ನನಗೆ ಅದು ಸರಿ ಅನ್ನಿಸುತ್ತಿಲ್ಲ. ಆದರೆ 386 ಸರಿಪಡಿಸುತ್ತಾ ಕೂತರೆ ಹಂಗಾಮೇ ಮುಗಿದುಹೋಗುತ್ತದೆ. ಎಲ್ಲಿಂದ ಹಿಡಿಯಬೇಕು? ಇನ್ನೊಂದು ಪ್ರಶ್ನೆ, ಇದನ್ನು ಓಡಿಸಿದರೆ ನಮ್ಮ ಕೋಡ್ ಹೊರಗೆ ಹೋಗುತ್ತದಾ?

ಗುಮ್ಮಟದೂರು, ವಿಜಯಪುರ

ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಕೋಡ್ ಹೊರಗೆ ಹೋಗುವುದಿಲ್ಲ. ಸ್ಕ್ಯಾನ್ ನಿಮ್ಮ ಮಷೀನಿನಲ್ಲೇ ನಡೆಯುತ್ತದೆ, ರೂಲ್‌ಗಳು ಮಾತ್ರ ನೆಟ್‌ನಿಂದ ಇಳಿಯುತ್ತವೆ. 'ಆಟೋ' ಅಂತ ಕೊಟ್ಟು ಓಡಿಸಿದರೆ ಬಳಕೆಯ ಲೆಕ್ಕ ಅವರಿಗೆ ಹೋಗುತ್ತದೆ. ಅದೂ ಬೇಡ ಅಂದರೆ ರೂಲ್ ಸೆಟ್ಟಿನ ಹೆಸರು ಕೊಟ್ಟು, ಮೆಟ್ರಿಕ್ಸ್ ಅನ್ನುವ ಆ ಲೆಕ್ಕವನ್ನು ಆಫ್ ಮಾಡಿ.

ಇನ್ನು 386. ಈ ಟೂಲ್‌ಗಳು ಕೋಡನ್ನು ಓಡಿಸುವುದಿಲ್ಲ, ಓದುತ್ತವೆ ಅಷ್ಟೇ. ರೂಲಿನಲ್ಲಿ ಬರೆದ ಆಕಾರ ಎಲ್ಲೆಲ್ಲಿ ಕಂಡಿತೋ ಅಲ್ಲೆಲ್ಲ ಬೆರಳು ತೋರಿಸುತ್ತವೆ. ಅದು ನಿಜವಾಗಿ ಅಪಾಯವೋ ಅಲ್ಲವೋ ಅನ್ನುವುದು ಒಳಗೆ ಹರಿದು ಬರುವ ಡೇಟಾ ಯಾರದು ಅನ್ನುವುದರ ಮೇಲೆ ನಿಂತಿದೆ. ಹಾಗಾಗಿ ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ ಕೇಳಿ. ಈ ಸಾಲಿಗೆ ಬರುವ ಮೌಲ್ಯವನ್ನು ಹೊರಗಿನವರು ಬದಲಾಯಿಸಬಹುದಾ? ಯುಆರ್‌ಎಲ್, ಫಾರಂ, ಕುಕಿ, ಅಪ್‌ಲೋಡ್ ಮಾಡಿದ ಫೈಲ್, ಇವೆಲ್ಲ ಹೊರಗಿನವು. ಟೂಲ್ ತಾನೇ ಈ ಜಾಡು ಹಿಡಿಯಬಲ್ಲದು, ಆದರೆ ಫ್ರೀ ಆವೃತ್ತಿ ಒಂದು ಫೈಲಿನಾಚೆ ಹೋಗುವುದಿಲ್ಲ. ಆಚೆಯ ಜಾಡನ್ನು ನೀವೇ ಹಿಡಿಯಬೇಕು.

ಹೊರಗಿನ ಡೇಟಾ ಬರುವ ಸಾಲುಗಳನ್ನು ಒಂದು ಕಡೆ ಹಾಕಿ, ಉಳಿದದ್ದನ್ನು ಇನ್ನೊಂದು ಕಡೆ. ನಿಮ್ಮದು 386 ಇರುವುದಿಲ್ಲ ಅಂತ ನನ್ನ ಅಂದಾಜು. ಎಷ್ಟಾಯಿತು ಅಂತ ಬಂದು ಹೇಳಿ.

ಸಿಂದಗಿಯವ

ನಾನು ಹಿಂದೆ ದೊಡ್ಡ ಊರಿನ ಒಂದು ಕಂಪನಿಯಲ್ಲಿದ್ದೆ. ಅಲ್ಲಿ ಇಂಥದ್ದೇ ಇನ್ನೊಂದು ಟೂಲ್, ಸೋನಾರ್‌ಕ್ಯೂಬ್ ಹಾಕಿದ್ದರು. ಪ್ರತಿ ಶುಕ್ರವಾರ ಸಂಖ್ಯೆ ಸೊನ್ನೆ ಇರಬೇಕು ಅಂತ ಮೇಲಿನಿಂದ ಒತ್ತಡ. ಏನಾಯಿತು ಗೊತ್ತಾ? ಎಲ್ಲರೂ ಸಾಲಿನ ಪಕ್ಕದಲ್ಲಿ 'ಇದನ್ನು ನೋಡಬೇಡ' ಅನ್ನುವ ಕಾಮೆಂಟ್ ಹಾಕುವುದು ಕಲಿತರು. ನಾನೂ ಹಾಕಿದ್ದೇನೆ. ವರ್ಷದ ಮೇಲೆ ಹೊರಗಿನ ಆಡಿಟರ್ ಬಂದು ಎಸ್‌ಕ್ಯೂಎಲ್ ಇಂಜೆಕ್ಷನ್ ಹಿಡಿದರು, ಅಂದರೆ ಹೊರಗಿನವರು ಟೈಪ್ ಮಾಡಿದ್ದು ಡೇಟಾಬೇಸಿಗೆ ಆಜ್ಞೆಯಾಗಿ ಹೋಗುವ ತಪ್ಪು. ಆ ಸಾಲಿನ ಪಕ್ಕದಲ್ಲೇ ಆ ಕಾಮೆಂಟ್ ಇತ್ತು. ಟೂಲ್ ಮೊದಲ ದಿನವೇ ಹೇಳಿತ್ತು, ನಾವು ಬಾಯಿ ಮುಚ್ಚಿಸಿದ್ದೆವು.

ಆವತ್ತಿನಿಂದ ಈ ಟೂಲ್‌ಗಳ ಮೇಲೆ ನನಗೆ ನಂಬಿಕೆ ಹೋಗಿದೆ. ನಾಲ್ಕು ಜನ ಕೂತು ಒಬ್ಬರ ಕೋಡ್ ಒಬ್ಬರು ಓದಿದರೆ ಅದಕ್ಕಿಂತ ಜಾಸ್ತಿ ಸಿಗುತ್ತದೆ.

ಉದ್ಯಮಬಾಗ್ ಸಿ, ಬೆಳಗಾವಿ

ಸಿಂದಗಿಯವರೇ, ನೀವು ಹೇಳಿದ್ದರಲ್ಲಿ ಟೂಲಿನ ತಪ್ಪು ಎಲ್ಲಿದೆ? ಅದು ಹೇಳಿತ್ತು ಅಂತ ನೀವೇ ಬರೆದಿದ್ದೀರಿ. ಕೆಟ್ಟದ್ದು ಬಾಯಿ ಮುಚ್ಚಿಸಿದ ರೀತಿ.

ನಾನು ಇಲ್ಲಿ ಹೈಡ್ರಾಲಿಕ್ ಮಷೀನುಗಳ ಕಂಟ್ರೋಲರ್‌ಗೆ ಸಿ ಭಾಷೆಯಲ್ಲಿ ಕೋಡ್ ಬರೆಯುತ್ತೇನೆ. ನಮ್ಮಲ್ಲಿ ಮಿಸ್ರಾ ಸಿ ಪಾಲಿಸಬೇಕು. ಸಿ ಕೋಡ್ ಹೇಗೆ ಬರೆಯಬೇಕು ಅನ್ನುವ ರೂಲ್‌ಗಳ ಪಟ್ಟಿ ಅದು, 1998ರಲ್ಲಿ ಕಾರಿನ ಸಾಫ್ಟ್‌ವೇರಿಗೆ ಅಂತ ಶುರುವಾದದ್ದು. ರೂಲ್ ಮುರಿಯಲೇಬಾರದು ಅಂತಲ್ಲ. ಕೆಲವನ್ನು ಮುರಿಯಬಹುದು. ಆದರೆ ಯಾವ ರೂಲ್, ಯಾವ ಸಾಲು, ಯಾಕೆ ಮುರಿದೆವು, ಮುರಿದರೂ ಅಪಾಯ ಯಾಕಿಲ್ಲ, ಯಾರು ಒಪ್ಪಿದರು, ಇಷ್ಟನ್ನೂ ಬರೆದಿಡಬೇಕು. ಅದಕ್ಕೆ ಡೀವಿಯೇಷನ್ ಅನ್ನುತ್ತೇವೆ. ಕಾರಣ ಬರೆಯಲು ಕೂತಾಗಲೇ ಅರ್ಧ ತಪ್ಪು ಗೊತ್ತಾಗಿಬಿಡುತ್ತದೆ, ಯಾಕಂದರೆ ಬರೆಯಲು ಕಾರಣವೇ ಸಿಗುವುದಿಲ್ಲ.

ಸಣ್ಣ ರೂಲ್ ಅಂತ ಹಗುರವಾಗಿ ನೋಡಬೇಡ್ರಿ. ಮಿಸ್ರಾ 15.6 ಹೇಳುವುದು ಇಷ್ಟೇ, 'ಇಫ್' ಅನ್ನುವ ಷರತ್ತು ಆದ ಮೇಲೆ ಒಂದೇ ಸಾಲಿದ್ದರೂ ಹೂಬ್ರಾಕೆಟ್ ಹಾಕಿ. ನಾನು ಹೊಸದಾಗಿ ಸೇರಿದಾಗ ಇದು ಕಿರಿಕಿರಿ ಅನ್ನಿಸಿತ್ತು. 2014ರ ಫೆಬ್ರವರಿಯಲ್ಲಿ ಆಪಲ್‌ನವರ ಐಫೋನ್ ಸಾಫ್ಟ್‌ವೇರಿನಲ್ಲಿ ದೊಡ್ಡ ತಪ್ಪು ಸಿಕ್ಕಿದ್ದು ಇದೇ ಜಾಗದಲ್ಲಿ. 'ಗೋಟು ಫೇಲ್', ಅಂದರೆ ಇಲ್ಲಿಂದ ನೇರವಾಗಿ ಕೊನೆಗೆ ಹಾರು ಅನ್ನುವ ಸಾಲು ಎರಡು ಸಲ ಬಿದ್ದಿತ್ತು. ಬ್ರಾಕೆಟ್ ಇರಲಿಲ್ಲ. ಎರಡನೇ ಸಾಲು ಯಾವ ಷರತ್ತೂ ಇಲ್ಲದೆ ಓಡಿ, ಸರ್ವರಿನ ಸಹಿ ನೋಡುವ ಕೋಡನ್ನೇ ಹಾರಿಸಿಬಿಡುತ್ತಿತ್ತು. ಕಣ್ಣಿಗೆ ಕಾಣುವ ಹಾಗೆ ಒಂದರ ಕೆಳಗೊಂದು ನಿಂತಿದ್ದ ಸಾಲುಗಳು ಅವು. ಮನುಷ್ಯರು ಓದಿಯೂ ಬಿಟ್ಟಿದ್ದರು. ಇಂಥದ್ದಕ್ಕೆ ಟೂಲ್ ಬೇಕೇ ಬೇಕು, ಅದು ಓದಿ ಓದಿ ಸುಸ್ತಾಗುವುದಿಲ್ಲ.

ನವನಗರದವ, ಬಾಗಲಕೋಟೆ

ಎರಡು ರಾತ್ರಿ ಕೂತು ವಿಂಗಡಿಸಿದೆ. ಲೆಕ್ಕ ಹೀಗಿದೆ.

386ರಲ್ಲಿ 211 'ಹಳೇದು' ಅಂತ ಇರುವ ಒಂದು ಫೋಲ್ಡರಿನವು. ಹಿಂದಿನ ಆವೃತ್ತಿಯ ಪ್ರತಿ, ಈಗ ಬಳಸುವುದಿಲ್ಲ. ಅದನ್ನು ಸ್ಕ್ಯಾನ್‌ನಿಂದ ಬಿಟ್ಟೆ. ಉಳಿದದ್ದು 175.

ಅದರಲ್ಲಿ 97 ಕಡೆ ಡೇಟಾಬೇಸಿನಿಂದ ಬಂದ ಹೆಸರು, ಊರು ಇವನ್ನೆಲ್ಲ ಸೋಸದೆ ಹಾಗೇ ಪೇಜಿನ ಮೇಲೆ ಬಿಟ್ಟಿದ್ದೇವೆ. ಎಚ್‌ಟಿಎಂಎಲ್ ಚಿಹ್ನೆಗಳನ್ನು ಬದಲಿಸುವ ಪಿಎಚ್‌ಪಿ ಫಂಕ್ಷನ್ ಹಾಕಿದರೆ ಆಯಿತು, ಅದು ಕೂಲಿ ಕೆಲಸ, ಮಾಡುತ್ತೇನೆ. ಎಂಡಿ5 (ಮಾಹಿತಿಯನ್ನು ಗುರುತಿನ ಅಕ್ಷರಗಳಾಗಿ ಬದಲಿಸುವ ಹಳೆಯ ಹ್ಯಾಶ್ ವಿಧಾನ, ಪಾಸ್‌ವರ್ಡಿಗೆ ಸುರಕ್ಷಿತವಲ್ಲ) ಬಳಸಿದ್ದೀರಿ ಅಂತ 23. ನೋಡಿದರೆ 21 ಕಡೆ ಅದು ರಿಪೋರ್ಟ್ ಫೈಲಿಗೆ ಹೆಸರಿಡಲು ಬಳಸಿದ್ದು, ಅಪಾಯವಿಲ್ಲ. ಉಳಿದ ಎರಡು ಕಡೆ ರೈತರ ಪಾಸ್‌ವರ್ಡ್. ಅದು ಕಂಡಾಗ ಬಹಳ ಬೇಜಾರಾಯಿತು. ಎಸ್‌ಕ್ಯೂಎಲ್‌ಗೆ ಮೌಲ್ಯವನ್ನು ನೇರವಾಗಿ ಅಂಟಿಸಿದ್ದು 41. ಅದರಲ್ಲಿ 9 ಕಡೆ ಒಳಗೇ ಹುಟ್ಟಿದ ಅಂಕಿ, 32 ಕಡೆ ನಿಜವಾಗಿಯೂ ಹೊರಗಿನಿಂದ ಬಂದದ್ದು. ಬಾಕಿ 14 ಬಿಡಿ ಬಿಡಿ.

32ರಲ್ಲಿ 27ನ್ನು ಪ್ರಿಪೇರ್ಡ್ ಸ್ಟೇಟ್‌ಮೆಂಟಿಗೆ ಬದಲಾಯಿಸಿದೆ, ಅಂದರೆ ಮೌಲ್ಯವನ್ನು ಆಜ್ಞೆಗೆ ಅಂಟಿಸದೆ ಬೇರೆಯಾಗಿ ಕೊಡುವುದು, ಬೈಂಡ್ ಮಾಡುವುದು. ಐದು ಮಾತ್ರ ಆಗುತ್ತಿಲ್ಲ. ಪಟ್ಟಿಯನ್ನು ದಿನಾಂಕದ ಪ್ರಕಾರವೋ ಟನ್ನಿನ ಪ್ರಕಾರವೋ ಜೋಡಿಸಲು ಕಾಲಂ ಹೆಸರು ಯುಆರ್‌ಎಲ್‌ನಿಂದ ಬರುತ್ತದೆ. ಬೈಂಡ್ ಮಾಡಿದರೆ ಜೋಡಣೆಯೇ ಆಗುವುದಿಲ್ಲ.

ಗುಮ್ಮಟದೂರು, ವಿಜಯಪುರ

ಚೆನ್ನಾಗಿ ವಿಂಗಡಿಸಿದ್ದೀರಿ. ಒಂದೊಂದಾಗಿ ಹೇಳುತ್ತೇನೆ.

ಕಾಲಂ ಹೆಸರನ್ನು ಬೈಂಡ್ ಮಾಡಲು ಬರುವುದಿಲ್ಲ, ಮೌಲ್ಯವನ್ನು ಮಾತ್ರ ಮಾಡಬಹುದು. ಬೈಂಡ್ ಮಾಡಿದ್ದು ಬರೀ ಒಂದು ಪದವಾಗಿ ಕೂರುತ್ತದೆ, ಅದಕ್ಕೇ ನಿಮ್ಮ ಪಟ್ಟಿ ಅಲುಗಾಡುತ್ತಿಲ್ಲ. ಅಲ್ಲಿ ಒಂದು ಚಿಕ್ಕ ಪಟ್ಟಿ ಮಾಡಿ. ದಿನಾಂಕ, ಟನ್, ಮೊತ್ತ. ಯುಆರ್‌ಎಲ್‌ನಿಂದ ಬಂದದ್ದು ಈ ಮೂರರಲ್ಲಿ ಒಂದಾದರೆ ಬಳಸಿ, ಇಲ್ಲವಾದರೆ ದಿನಾಂಕ ಅಂತಲೇ ತೆಗೆದುಕೊಳ್ಳಿ.

ಪಾಸ್‌ವರ್ಡಿಗೆ ಪಿಎಚ್‌ಪಿಯಲ್ಲೇ 5.5 ಆವೃತ್ತಿಯಿಂದ ಪಾಸ್‌ವರ್ಡ್ ಹ್ಯಾಶ್ ಫಂಕ್ಷನ್ ಇದೆ. ರೈತರನ್ನೆಲ್ಲ ಹೊಸ ಪಾಸ್‌ವರ್ಡ್ ಹಾಕಿ ಅಂತ ಕಾಡಬೇಡಿ. ಈಗಿರುವ ಎಂಡಿ5 ಮೌಲ್ಯಗಳ ಮೇಲೇ ಹೊಸ ಹ್ಯಾಶ್ ಹಾಕಿ ಒಂದೇ ರಾತ್ರಿಯಲ್ಲಿ ಬದಲಾಯಿಸಿ. ಆಮೇಲೆ ಅವರು ಲಾಗಿನ್ ಆದಾಗ ಒಬ್ಬೊಬ್ಬರದನ್ನೇ ನೇರ ಹ್ಯಾಶ್‌ಗೆ ತಂದುಕೊಳ್ಳಿ.

ಇನ್ನು ಆ 'ಹಳೇದು' ಫೋಲ್ಡರ್. ಬಳಸುವುದಿಲ್ಲ ಅಂದಿರಿ. ಅದು ಸರ್ವರ್ ಮೇಲೆ ಇದೆಯಾ ಇಲ್ಲವಾ? ನಿಮ್ಮ ಮೆನುವಿನಲ್ಲಿ ಲಿಂಕ್ ಇಲ್ಲ ಅಂದರೆ ಯಾರೂ ತೆರೆಯಲಾರರು ಅಂತಲ್ಲ. ವಿಳಾಸ ಊಹಿಸಿ ಟೈಪ್ ಮಾಡಿದರೆ ಸಾಕು. ಸ್ಕ್ಯಾನ್‌ನಿಂದ ತೆಗೆಯುವ ಮುಂಚೆ ಸರ್ವರಿನಿಂದ ತೆಗೆಯಿರಿ.

ಕೊನೆಗೆ ಒಂದು ಕೆಲಸ ಮಾಡಿ. ಇದನ್ನು ಟೂಲ್ ಮಾಡುವುದಿಲ್ಲ. ಒಬ್ಬ ರೈತರಾಗಿ ಲಾಗಿನ್ ಆಗಿ, ಬಿಲ್ಲಿನ ಪೇಜ್ ತೆರೆದು, ಯುಆರ್‌ಎಲ್‌ನಲ್ಲಿರುವ ನಂಬರನ್ನು ಒಂದು ಹೆಚ್ಚು ಮಾಡಿ ಎಂಟರ್ ಒತ್ತಿ.

ನವನಗರದವ, ಬಾಗಲಕೋಟೆ

ಅಕ್ಕ, ನೀವು ಹೇಳಿದ್ದು ಮಾಡಿದೆ.

ನಮ್ಮ ಸೋದರಮಾವನೂ ಅದೇ ಕಾರ್ಖಾನೆಗೆ ಕಬ್ಬು ಹಾಕುತ್ತಾರೆ. ಅವರನ್ನು ಕೇಳಿಯೇ ಅವರ ಲಾಗಿನ್‌ನಿಂದ ಒಳಗೆ ಹೋದೆ. ಅವರ ಬಿಲ್ ಬಂತು. ಯುಆರ್‌ಎಲ್ ಕೊನೆಯಲ್ಲಿ ಸದಸ್ಯರ ನಂಬರ್. ಕೊನೆಯ ಅಂಕಿಯನ್ನು ಒಂದು ಹೆಚ್ಚಿಸಿದೆ.

ಪಕ್ಕದ ಹಳ್ಳಿಯ ರೈತರೊಬ್ಬರ ಬಿಲ್ ತೆರೆಯಿತು. ಹೆಸರು, ತಂದೆಯ ಹೆಸರು, ಬ್ಯಾಂಕ್ ಖಾತೆಯ ಪೂರ್ತಿ ನಂಬರ್, ಎಷ್ಟು ಟನ್, ಕೆಳಗೆ ಸೊಸೈಟಿ ಸಾಲಕ್ಕೆ ಹಿಡಿದ ಮೊತ್ತ. ಆ ಕೊನೆಯ ಸಾಲನ್ನು ನೋಡಿ ಮಾವ ಮುಖ ತಿರುಗಿಸಿಕೊಂಡರು. "ಇದನ್ನು ನಾನು ನೋಡಬಾರದಿತ್ತು, ಬಂದ್ ಮಾಡು" ಅಂದರು. ಹಳ್ಳಿಯಲ್ಲಿ ಯಾರಿಗೆ ಎಷ್ಟು ಸಾಲ ಇದೆ ಅನ್ನುವುದು ಸಣ್ಣ ಮಾತಲ್ಲ, ನಿಮಗೆಲ್ಲ ಗೊತ್ತಿದೆ. ಎಂಟು ವರ್ಷದಿಂದ ಈ ಬಾಗಿಲು ತೆರೆದೇ ಇತ್ತು.

ವಾಪಸ್ ಬಂದು ಆ ಫೈಲಿನ ಮೇಲೆ ಟೂಲ್ ಓಡಿಸಿದೆ. ಒಂದೇ ಒಂದು ತಪ್ಪೂ ತೋರಿಸಲಿಲ್ಲ. ಹಿಂದಿನ ದಿನ ನಾನೇ ಅಲ್ಲಿ ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಹಾಕಿದ್ದೆ, ಹಾಗಾಗಿ ಅದರ ಪ್ರಕಾರ ಆ ಫೈಲ್ ಚೊಕ್ಕಟ. ಸಿಂದಗಿಯವರು ಹೇಳಿದ್ದೇ ಸರಿ ಅನ್ನಿಸಿತು ಆ ಹೊತ್ತಿಗೆ.

ಗುಮ್ಮಟದೂರು, ವಿಜಯಪುರ

ಅಣ್ಣ, ಮೊದಲು ಆ ಪೇಜನ್ನು ಈಗಲೇ ಬಂದ್ ಮಾಡಿ. ರೈತರು ಎರಡು ದಿನ ಬಿಲ್ ನೋಡದಿದ್ದರೂ ನಡೆಯುತ್ತದೆ. ಆಮೇಲೆ ಸರ್ವರ್ ಲಾಗ್ ತೆಗೆದು, ಒಂದೇ ಲಾಗಿನ್‌ನಿಂದ ಬೇರೆ ಬೇರೆ ಸದಸ್ಯರ ನಂಬರ್ ತೆರೆದದ್ದು ಇದೆಯಾ ಅಂತ ನೋಡಿ. ತಪ್ಪು ಇರುವುದು ಬೇರೆ, ಅದನ್ನು ಯಾರೋ ಬಳಸಿಕೊಂಡಿರುವುದು ಬೇರೆ. ಬಳಸಿಕೊಂಡದ್ದು ಕಂಡರೆ ಕಾರ್ಖಾನೆಯವರಿಗೆ ಆ ಕ್ಷಣವೇ ಹೇಳಿ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತೆ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ಆದೇಶದ ಪ್ರಕಾರ ಇಂಥ ಘಟನೆ ಗೊತ್ತಾದ 6 ಗಂಟೆಯೊಳಗೆ ಅವರಿಗೆ ವರದಿ ಮಾಡಬೇಕು. 2023ರ ವೈಯಕ್ತಿಕ ಡೇಟಾ ಕಾಯ್ದೆಯಲ್ಲಿ ಡೇಟಾಕ್ಕೆ ಸರಿಯಾದ ಕಾವಲು ಹಾಕದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡದ ಅವಕಾಶ ಇದೆ. ಹೆದರಿಸಲು ಹೇಳುತ್ತಿಲ್ಲ, ಮುಚ್ಚಿಡುವ ಯೋಚನೆ ಯಾರಾದರೂ ಕೊಟ್ಟರೆ ತೋರಿಸಲು ಇಟ್ಟುಕೊಳ್ಳಿ.

ಟೂಲ್ ಯಾಕೆ ಸುಮ್ನಿತ್ತು ಅಂದರೆ, ಆ ಕೋಡಿನ ಆಕಾರದಲ್ಲಿ ತಪ್ಪೇ ಇಲ್ಲ. ನಂಬರ್ ಬಂತು, ಸರಿಯಾಗಿ ಬೈಂಡ್ ಆಯಿತು, ಬಿಲ್ ಹೊರಗೆ ಬಂತು. ಈ ಬಿಲ್ ಈ ರೈತರದ್ದೇನಾ ಅಂತ ಕೇಳುವ ಸಾಲು ಇಲ್ಲ. ಇಲ್ಲದ ಸಾಲನ್ನು ಟೂಲ್ ಹೇಗೆ ತೋರಿಸಬೇಕು? ಬಿಲ್ಲಿಗೆ ಒಬ್ಬ ಒಡೆಯ ಇದ್ದಾನೆ ಅನ್ನುವುದು ನಿಮ್ಮ ತಲೆಯಲ್ಲಿದೆ, ಕೋಡಿನಲ್ಲಿ ಎಲ್ಲೂ ಬರೆದಿಲ್ಲ. ವೆಬ್ ಸುರಕ್ಷತೆಯ ಸಂಸ್ಥೆ ಓವಾಸ್ಪ್‌ನ 2021ರ ಟಾಪ್ 10 ಪಟ್ಟಿಯಲ್ಲಿ ಮೊದಲ ಜಾಗ ಈ ತರಹದ ತಪ್ಪಿಗೇ ಕೊಟ್ಟಿದ್ದಾರೆ. ಇಂಜೆಕ್ಷನ್ ಮೂರನೇ ಜಾಗಕ್ಕೆ ಇಳಿಯಿತು. ನಾನು ಆಡಿಟಿಗೆ ಹೋದಲ್ಲೆಲ್ಲ ಮೊದಲು ಮಾಡುವುದು ಆ ನಂಬರ್ ಬದಲಿಸುವ ಕೆಲಸವನ್ನೇ.

ಸರಿಪಡಿಸುವಾಗ ಸದಸ್ಯರ ನಂಬರನ್ನು ಯುಆರ್‌ಎಲ್‌ನಿಂದ ತೆಗೆದುಕೊಳ್ಳಲೇಬೇಡಿ. ಯಾರು ಲಾಗಿನ್ ಆಗಿದ್ದಾರೆ ಅಂತ ಸರ್ವರ್ ಇಟ್ಟುಕೊಳ್ಳುವ ಸೆಷನ್ನಿನಿಂದ ತೆಗೆದುಕೊಳ್ಳಿ.

ಉದ್ಯಮಬಾಗ್ ಸಿ, ಬೆಳಗಾವಿ

ನವನಗರದವರೇ, ಟೂಲ್ ಬಿಡಬೇಡ್ರಿ. ಈಗಲೇ ಅದರಿಂದ ಜಾಸ್ತಿ ಕೆಲಸ ತೆಗೆಯುವ ಹೊತ್ತು.

2014ರ ಏಪ್ರಿಲ್‌ನಲ್ಲಿ ಹಾರ್ಟ್‌ಬ್ಲೀಡ್ ಅನ್ನುವ ತಪ್ಪು ಹೊರಬಂತಲ್ಲ, ವೆಬ್‌ಸೈಟುಗಳ ಸಂಪರ್ಕವನ್ನು ಗುಪ್ತವಾಗಿಡುವ ಓಪನ್‌ಎಸ್‌ಎಸ್‌ಎಲ್ ಕೋಡಿನದು. ಇಷ್ಟು ಅಕ್ಷರ ವಾಪಸ್ ಕೊಡು ಅಂತ ಎದುರಿನವರು ಹೇಳಿದ ಉದ್ದವನ್ನು, ನಿಜವಾಗಿ ಅಷ್ಟು ಬಂದಿದೆಯಾ ಅಂತ ನೋಡದೆ ನಂಬಿ, ಸರ್ವರ್ ತನ್ನ ನೆನಪಿನಲ್ಲಿ ಪಕ್ಕದಲ್ಲಿದ್ದದ್ದನ್ನೂ ಸೇರಿಸಿ ಕೊಟ್ಟುಬಿಡುತ್ತಿತ್ತು. 2012ರಿಂದ ಆ ಕೋಡ್ ಜಗತ್ತಿನ ಕಣ್ಣೆದುರೇ ಇತ್ತು. ದೊಡ್ಡ ಟೂಲ್‌ಗಳೂ ಹಿಡಿದಿರಲಿಲ್ಲ. ಕೋವೆರಿಟಿ ಅನ್ನುವ ಟೂಲಿನವರು ಆಮೇಲೆ ಏನು ಮಾಡಿದರು ಅನ್ನುವುದು ನನಗೆ ಬಹಳ ಹಿಡಿಸಿತು. ನೆಟ್‌ವರ್ಕಿನಿಂದ ಬಂದ ಅಂಕಿಯ ಬೈಟ್‌ಗಳನ್ನು ಕೋಡ್ ತಿರುಗಿಸಿ ಜೋಡಿಸಿಕೊಳ್ಳುತ್ತದೆ. ಹಾಗೆ ತಿರುಗಿಸಿದ ಅಂಕಿ ಕಂಡರೆ ಅದು ಹೊರಗಿನದು, ನಂಬಬೇಡ ಅಂತ ಹೊಸ ತಪಾಸಣೆ ಬರೆದರು. ಸಿಕ್ಕಿದ ಒಂದು ತಪ್ಪಿನಿಂದ ಅಂಥವನ್ನೆಲ್ಲ ಹಿಡಿಯುವ ರೂಲ್ ಹುಟ್ಟಿತು.

ನೀವೂ ಅದನ್ನೇ ಮಾಡಿ. ಕಬ್ಬಿನ ಗಾಡಿ ತೂಕದ ಕಾಟಾ ಮೇಲೆ ಹತ್ತದೆ ಯಾರ್ಡಿಗೆ ಹೋಗುವ ದಾರಿ ಇರುತ್ತದಾ? ಇಲ್ಲ. ಬಿಲ್ ತೆಗೆಯಲೂ ಒಂದೇ ಫಂಕ್ಷನ್ ಇರಲಿ, ಸೆಷನ್ನಿನ ಸದಸ್ಯರ ನಂಬರ್ ಅದರೊಳಗೇ ಸೇರಲಿ. ಬೇರೆ ಯಾವ ಪೇಜೂ ಡೇಟಾಬೇಸನ್ನು ನೇರವಾಗಿ ಮುಟ್ಟಬಾರದು. ಮುಟ್ಟಿದರೆ ಕೂಗುವ ರೂಲ್ ಬರೆಯಿರಿ.

ಟಿಳಕವಾಡಿ ವಿದ್ಯಾರ್ಥಿ, ಬೆಳಗಾವಿ

ನಾನು ಇಂಜಿನಿಯರಿಂಗ್ ಕೊನೆಯ ವರ್ಷ. ಸೆಮ್‌ಗ್ರೆಪ್ ರೂಲ್ ಬರೆಯುವುದು ಕಷ್ಟ ಇಲ್ಲ ಅಣ್ಣ. ಯಾಮಲ್ ಅನ್ನುವ ಸಾದಾ ಪಠ್ಯದ ಒಂದು ಫೈಲ್. ಹುಡುಕಬೇಕಾದ ಕೋಡನ್ನು ಕೋಡಿನ ಹಾಗೇ ಬರೆಯುತ್ತೀರಿ, ಏನಾದರೂ ಇರಲಿ ಅನ್ನುವ ಕಡೆ ಮೂರು ಚುಕ್ಕಿ ಹಾಕುತ್ತೀರಿ, ಅಷ್ಟೇ. ಯಾವ ಫೈಲನ್ನು ಬಿಡಬೇಕು ಅಂತಲೂ ಅದರಲ್ಲೇ ಬರೆಯಬಹುದು. ಜೊತೆಗೆ ಒಂದು ಪರೀಕ್ಷೆಯ ಫೈಲ್ ಇಟ್ಟುಕೊಳ್ಳಿ. ಇದು ಸಿಗಬೇಕು, ಇದು ಸಿಗಬಾರದು ಅಂತ ಕಾಮೆಂಟ್ ಹಾಕಿದರೆ ಟೂಲ್ ತಾನೇ ನಿಮ್ಮ ರೂಲನ್ನು ಪರೀಕ್ಷಿಸುತ್ತದೆ.

ನಂದೊಂದು ಪ್ರಶ್ನೆ. ಪ್ರಾಜೆಕ್ಟಿನ ಪೈಥಾನ್ ಕೋಡ್ ಮೇಲೆ ಬ್ಯಾಂಡಿಟ್ ಅನ್ನುವ ತಪಾಸಣೆ ಟೂಲ್ ಓಡಿಸಿದಾಗ ಪಾಸ್‌ವರ್ಡ್ ಕೋಡಿನಲ್ಲೇ ಇದೆ ಅಂತ ತೋರಿಸಿತು. ಆ ಸಾಲನ್ನು ಅಳಿಸಿ ಗಿಟ್‌ಗೆ ಪುಶ್ ಮಾಡಿದೆ (ಕಳಿಸಿದೆ). ಸಾಕಾ?

ಗುಮ್ಮಟದೂರು, ವಿಜಯಪುರ

ಸಾಲದು ತಮ್ಮ. ಗಿಟ್ ಕೋಡಿನ ಪ್ರತಿ ಬದಲಾವಣೆಯನ್ನೂ ಇಟ್ಟುಕೊಳ್ಳುತ್ತದೆ, ಹಳೆಯದನ್ನು ಮರೆಯುವುದಿಲ್ಲ, ನಿನ್ನ ಹಿಂದಿನ ಕಮಿಟ್‌ನಲ್ಲಿ (ಉಳಿಸಿದ ಪ್ರತಿಯಲ್ಲಿ) ಆ ಪಾಸ್‌ವರ್ಡ್ ಹಾಗೇ ಕೂತಿದೆ. ಗಿಟ್‌ಲೀಕ್ಸ್ ಓಡಿಸಿ ನೋಡು, ಇತಿಹಾಸದಿಂದಲೇ ಎತ್ತಿ ತೋರಿಸುತ್ತದೆ. ಆ ಪಾಸ್‌ವರ್ಡನ್ನೇ ಬದಲಾಯಿಸು, ಇವತ್ತೇ.

ನವನಗರದವ, ಬಾಗಲಕೋಟೆ

ಒಂದು ವಾರ ಆಯಿತು, ಆದದ್ದನ್ನು ಹೇಳುತ್ತೇನೆ.

ಬಿಲ್ ಪೇಜನ್ನು ಆವತ್ತೇ ಬಂದ್ ಮಾಡಿ ಕಾರ್ಖಾನೆಯವರಿಗೆ ಫೋನ್ ಮಾಡಿ ಹೇಳಿದೆ. ಬೈಗುಳ ತಿನ್ನುತ್ತೇನೆ ಅಂದುಕೊಂಡಿದ್ದೆ. ನೀವೇ ಹೇಳಿದಿರಲ್ಲ, ಸರಿಮಾಡಿ ಕೊಡಿ ಅಂದರು. ಸಿಕ್ಕಷ್ಟು ಲಾಗ್ ಎಲ್ಲ ನೋಡಿದೆವು. ಬೇರೆಯವರ ನಂಬರ್ ತೆರೆದದ್ದು ಮಾವನ ಲಾಗಿನ್‌ನಿಂದ ಒಂದೇ ಸಲ, ಅದು ನಾನೇ. 'ಹಳೇದು' ಫೋಲ್ಡರ್ ಸರ್ವರ್ ಮೇಲೇ ಇತ್ತು ಅಕ್ಕ, ವಿಳಾಸ ಹಾಕಿದರೆ ತೆರೆಯುತ್ತಿತ್ತು. ತೆಗೆದೆ.

ರೂಲಿನ ಕಥೆ ಸ್ವಲ್ಪ ಉದ್ದ. ಮೊದಲು ನಾನು ಬರೆದದ್ದು, ಕ್ವೆರಿಯೊಳಗೆ (ಡೇಟಾಬೇಸಿಗೆ ಕೇಳುವ ಪ್ರಶ್ನೆಯೊಳಗೆ) ಬಿಲ್ ಟೇಬಲಿನ ಹೆಸರು ಕಂಡರೆ ಕೂಗು ಅಂತ. 12 ಕಡೆ ಸಿಕ್ಕಿತು. ಆದರೆ ರಸೀದಿ ಪಿಡಿಎಫ್ ಮಾಡುವ ಪೇಜ್ ಸಿಗಲಿಲ್ಲ, ಅಲ್ಲೂ ಅದೇ ತಪ್ಪು ಇರುವುದು ನನಗೆ ಗೊತ್ತಿತ್ತು. ನೋಡಿದರೆ ಅಲ್ಲಿ ಟೇಬಲಿನ ಹೆಸರು ಇನ್ನೊಂದು ಫೈಲಿನಿಂದ ಬರುತ್ತಿತ್ತು, ಕ್ವೆರಿಯಲ್ಲಿ ಕಾಣುವುದೇ ಇಲ್ಲ. ಆಮೇಲೆ ಹೆಸರು ನೋಡುವುದನ್ನೇ ಬಿಟ್ಟೆ. ಪೇಜ್‌ಗಳ ಫೋಲ್ಡರಿನಲ್ಲಿ ಯಾವ ಕ್ವೆರಿಯನ್ನೂ ನೇರವಾಗಿ ಕರೆಯಬಾರದು ಅಂತ ಬರೆದೆ. ಎಂಟು ವರ್ಷದ ಹಿಂದೆ ಯಾರೋ ಬರೆದ ಸಹಾಯಕ ಫಂಕ್ಷನ್ ಒಂದು ಒಳಗಿಂದಲೇ ಕ್ವೆರಿ ಮಾಡುತ್ತಿತ್ತು, ಅದನ್ನೂ ರೂಲಿಗೆ ಸೇರಿಸಿದೆ. ಈಗ 58 ಕಡೆ ತೋರಿಸಿತು. ಅದರಲ್ಲಿ ಏಳು ಕಡೆ ನಂಬರ್ ಬದಲಿಸಿದರೆ ಬೇರೆಯವರ ಮಾಹಿತಿ ಬರುತ್ತಿತ್ತು. ಬಿಲ್, ರಸೀದಿ, ಮುಂಗಡ, ಗಾಡಿಯ ಸರದಿ, ಖಾತೆ ತಿದ್ದುವ ಪೇಜ್. ಹೌದು, ಬೇರೆಯವರ ಬ್ಯಾಂಕ್ ಖಾತೆಯ ನಂಬರನ್ನು ತಿದ್ದಬಹುದಿತ್ತು. ಅದನ್ನು ನೋಡಿದ ರಾತ್ರಿ ನಿದ್ದೆ ಬರಲಿಲ್ಲ.

ಏಳನ್ನೂ ಮುಚ್ಚಿದ್ದೇನೆ. ಉಳಿದವನ್ನು ದಿನಕ್ಕೆ ನಾಲ್ಕೈದು ಮಾಡುತ್ತಿದ್ದೇವೆ.

ಸಿಂದಗಿಯವ

ಓದಿ ಖುಷಿಯಾಯಿತು. ನನ್ನ ಹಳೆಯ ಮಾತನ್ನು ಅರ್ಧ ವಾಪಸ್ ತೆಗೆದುಕೊಳ್ಳುತ್ತೇನೆ. ಸೊನ್ನೆಯ ಒತ್ತಡ ಮಾತ್ರ ನಿಮ್ಮ ಆಫೀಸಿಗೆ ಬರದ ಹಾಗೆ ನೋಡಿಕೊಳ್ಳಿ. ಹಳೆಯ ಕಮಿಟ್ ಒಂದನ್ನು ಬೇಸ್‌ಲೈನ್ ಅಂತ ಕೊಟ್ಟರೆ ಸೆಮ್‌ಗ್ರೆಪ್ ಅಲ್ಲಿಂದೀಚೆಗೆ ಸೇರಿದ ತಪ್ಪನ್ನು ಮಾತ್ರ ತೋರಿಸುತ್ತದೆ. ಹೊಸ ತಪ್ಪು ಒಳಗೆ ಬರಬಾರದು, ಹಳೆಯದು ನಿಧಾನಕ್ಕೆ ಇಳಿಯಲಿ. ನಮ್ಮ ಕಡೆ ಹೀಗೆ ಮಾಡಿದ್ದರೆ ಯಾರೂ ಆ ಕಾಮೆಂಟ್ ಹಾಕುತ್ತಿರಲಿಲ್ಲ.

ನವನಗರದವ, ಬಾಗಲಕೋಟೆ

ಬೇಸ್‌ಲೈನ್ ಹಾಕಿದೆ ಸರ್. ಉದ್ಯಮಬಾಗ್ ಸರ್ ಹೇಳಿದ ಹಾಗೆ, ಎಂಡಿ5ನ ಆ 21 ಸಾಲುಗಳ ಪಕ್ಕದಲ್ಲೂ ಯಾಕೆ ಬಿಟ್ಟಿದ್ದೇವೆ ಅಂತ ಒಂದೊಂದು ಸಾಲು ಬರೆದಿದ್ದೇವೆ. ಬರೆಯುವಾಗ ಒಂದಕ್ಕೆ ಕಾರಣ ಸಿಗಲಿಲ್ಲ. ಆ ಫೈಲಿನ ಹೆಸರು ಗೊತ್ತಾದರೆ ಯಾರು ಬೇಕಾದರೂ ರಿಪೋರ್ಟ್ ಇಳಿಸಿಕೊಳ್ಳಬಹುದಿತ್ತು, ಹೆಸರೋ ಬರೀ ಸದಸ್ಯರ ನಂಬರಿನ ಎಂಡಿ5. ಅದನ್ನೂ ಬದಲಾಯಿಸಿದೆವು.

ರಿಪೋರ್ಟ್ 386 ಅಂತಲೇ ಕಳಿಸಿದ್ದೇನೆ. ಯಾವುದು ಸರಿಯಾಯಿತು, ಯಾವುದು ಬಾಕಿ, ಯಾವುದು ಯಾಕೆ ಬಿಟ್ಟೆವು ಅಂತ. ನಂಬರ್ ಬದಲಿಸುವ ತಪ್ಪನ್ನು ಮೊದಲ ಪುಟದಲ್ಲೇ ಹಾಕಿದೆ.

ನಿನ್ನೆ ಸಂಜೆ ಪಾಲುದಾರ ಹೊಸ ಪೇಜ್ ಒಂದನ್ನು ಪುಶ್ ಮಾಡಿದ. ನಮ್ಮ ರೂಲ್ ತಡೆಯಿತು. ಅದರ ಸಂದೇಶವನ್ನು ಕನ್ನಡದಲ್ಲೇ ಬರೆದಿದ್ದೇನೆ, 'ರೈತರ ಮಾಹಿತಿಯನ್ನು ನೇರವಾಗಿ ತೆಗೆಯಬೇಡಿ, ಸದಸ್ಯರನ್ನು ನೋಡಿ ಕೊಡುವ ಫಂಕ್ಷನ್ ಬಳಸಿ' ಅಂತ. ಅವನು ಓದಿ, ಎರಡು ಸಾಲು ಬದಲಿಸಿ, ಮತ್ತೆ ಪುಶ್ ಮಾಡಿದ. ನನ್ನನ್ನು ಕೇಳಲೂ ಇಲ್ಲ.

ಟಿಳಕವಾಡಿ ವಿದ್ಯಾರ್ಥಿ, ಬೆಳಗಾವಿ

ಅಣ್ಣ, ಆ ರೂಲ್ ಫೈಲ್ ಸಿಗುತ್ತದಾ? ಪಾಸ್‌ವರ್ಡ್ ಬದಲಾಯಿಸಿದೆ ಅಕ್ಕ.

ನವನಗರದವ, ಬಾಗಲಕೋಟೆ

ಕೊಡುತ್ತೇನೆ ತಮ್ಮ. ನಮ್ಮ ಫೋಲ್ಡರಿನ ಹೆಸರುಗಳನ್ನು ತೆಗೆದು, ಪರೀಕ್ಷೆಯ ಫೈಲಿನ ಜೊತೆಗೇ ಇವತ್ತು ರಾತ್ರಿ ಇಲ್ಲಿ ಹಾಕುತ್ತೇನೆ. ನಿಮ್ಮ ಕೋಡಿನಲ್ಲಿ ಕ್ವೆರಿ ಮಾಡುವ ಫಂಕ್ಷನ್ನಿನ ಹೆಸರು ಬೇರೆ ಇರುತ್ತದೆ, ಆ ಒಂದು ಸಾಲನ್ನು ತಿದ್ದಿಕೊಳ್ಳಿ.